ಬುಧವಾರದ ಮೌಶಿ

ಬಸ್ಸಿನವರು ಮೌಶಿಗೆಂದು ಕೊಟ್ಟ ಬ್ರೆಡ್ಡಿನ ಕೊನೆಯ ತುಂಡನ್ನು ವರದಾ ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಸವದತ್ತಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಎಂದೋ ಬಾಗಿಲು ಹಾಕಿದ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಅವಳು ಕೂತಿದ್ದಳು. ಎದುರಿಗೆ ಒಂದು ಗೋಡೆ. ಗೋಡೆಯ ಬುಡದಲ್ಲಿ ಒಂದು ಆಡು ಹಳೆಯ ಚುನಾವಣೆಯ ಪೋಸ್ಟರನ್ನು ಸಾವಕಾಶವಾಗಿ ತಿನ್ನುತ್ತಿತ್ತು. ಬಂದಾಗಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಿರಲಿಲ್ಲ.

ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ತಡೆದು ಇನ್ನೊಮ್ಮೆ, ಉದ್ದಕ್ಕೆ. ಎರಡನೆಯದು ತನಗಾಗಿಯೇ ಎಂದು ವರದಾಗೆ ಗೊತ್ತಿತ್ತು. ಬ್ರೆಡ್ಡಿನ ಜೊತೆ ಬಂದಿದ್ದ ಎಳನೀರು ಕುಡಿಯಲು ಪುರುಸೊತ್ತಿಲ್ಲ. ಅದನ್ನು ಗಿರಣಿಯ ಕಿಟಕಿಯಲ್ಲಿಟ್ಟು, ಲಿಂಬೆಹಣ್ಣುಗಳನ್ನು ಚೀಲದ ತಳಕ್ಕೆ ಒತ್ತಿ, ಸೀರೆ ಎತ್ತಿ ಹಿಡಿದು ಓಡಿದಳು.

"ತಡೀರಿ, ಅಕ್ಕಾರು ಬಂದ್ರು!" ಕಂಡಕ್ಟರ್ ಸಂಗಪ್ಪ ಬಾಗಿಲಲ್ಲಿ ನೇತಾಡುತ್ತ ಡ್ರೈವರನಿಗೆ ಕೂಗಿದ. ಅವಳು ಹತ್ತಿದ ಕೂಡಲೇ ದನಿ ತಗ್ಗಿಸಿ ಕೇಳಿದ, "ಹೆಂಗ ಅದಾರ್ರಿ ಮೌಶಿ?"

ಬಾಯಿ ತುಂಬ ಬ್ರೆಡ್ಡು. ವರದಾ ತಲೆಯನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ಆಡಿಸಿದಳು. ಕಣ್ಣಲ್ಲಿ ನೀರು ಬಂತು. ಬ್ರೆಡ್ಡು ಗಂಟಲಿಗೆ ಸಿಕ್ಕಿತ್ತು.

"ಪಾಪ, ಮಾತ ಹೊಂಡವಲ್ದು ಆಕಿಗಿ," ಎಂದಳು ಕೆಂಪವ್ವ. ಬೈಲಹೊಂಗಲದಿಂದ ವೀಳ್ಯದೆಲೆಯ ಬುಟ್ಟಿ ತಂದು ಸವದತ್ತಿಯ ಅಂಗಡಿಗೆ ಹಾಕಿ, ಇದೇ ಬಸ್ಸಿಗೆ ಖಾಲಿ ಬುಟ್ಟಿಯೊಡನೆ ತಿರುಗುವ ಮುದುಕಿ ಅವಳು. "ದುಃಖ ಗಂಟಲಕ್ಕ ಬಂದೈತಿ. ಯಾರೂ ಕೇಳಬ್ಯಾಡ್ರಿ ಈಗ."

ಯಾರೂ ಕೇಳಲಿಲ್ಲ. ಒಂದು ಬ್ರೆಡ್ಡಿನ ದೆಸೆಯಿಂದ ಅವತ್ತು ವರದಾಗೆ ಬೈಲಹೊಂಗಲದ ತನಕ ನಿಶ್ಶಬ್ದ ಸಿಕ್ಕಿತು.

ಅವಳಿಗೆ ಮೌಶಿಯೇ ಇರಲಿಲ್ಲ. ಅವಳ ತಾಯಿ ಮನೆಗೊಬ್ಬಳೇ ಮಗಳು. ತಾಯಿಗೆ ಅಕ್ಕತಂಗಿಯರಿಲ್ಲದ ಮೇಲೆ ವರದಾಗೆ ಸವದತ್ತಿಯಲ್ಲಾಗಲಿ ಬೇರೆಲ್ಲೇ ಆಗಲಿ ಮೌಶಿ ಎಲ್ಲಿಂದ ಬರಬೇಕು? ಸವದತ್ತಿಯಲ್ಲಿ ಅವಳಿಗೆ ಗುರುತಿದ್ದದ್ದು ಬಸ್‌ಸ್ಟ್ಯಾಂಡು, ಗಿರಣಿಯ ಕಟ್ಟೆ, ಆ ಆಡು. ಅವಳ ಮಾಲೀಕರದೊಂದು ಅಂಗಡಿಯೂ ಆ ಊರಲ್ಲಿತ್ತು. ಅದಿರುವ ರಸ್ತೆಗೆ ಅವಳು ತಪ್ಪಿಯೂ ಕಾಲಿಡುತ್ತಿರಲಿಲ್ಲ.

ಮಾಲೀಕರೆಂದರೆ ನಿಜಗುಣಪ್ಪನವರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಊರಲ್ಲಿ ಅವರ ಚಷ್ಮಾದ ಅಂಗಡಿ. ಬೈಲಹೊಂಗಲದಲ್ಲಿ ಕಣ್ಣು ತಪಾಸಣೆ ಮಾಡುವವಳು ವರದಾ. ಬೆಳಿಗ್ಗೆಯಿಂದ ಸಂಜೆಯ ತನಕ ಬಂದವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಈಗ ಛಲೋ ಕಾಣ್ತದೋ, ಆಗ ಛಲೋ ಕಾಣ್ತಿತ್ತೋ?" ಎಂದು ಕೇಳಬೇಕು. ಜನ ಇದಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡುವುದಿಲ್ಲ. "ಎರಡೂ ಛಲೋನ ಅದಾವ್ರಿ," ಎನ್ನುತ್ತಾರೆ, ಅವಳ ಮನಸ್ಸಿಗೆ ನೋವಾಗದಿರಲೆಂದು. "ನೀವ ಹೇಳ್ರಿ, ಯಾವದು ಛಲೋ," ಎನ್ನುತ್ತಾರೆ. ಅದು ಮುಗಿದ ಮೇಲೆ ಫ್ರೇಮಿನ ಸರದಿ. ಒಂದೊಂದನ್ನೂ ಹಾಕಿಕೊಂಡು, ಕನ್ನಡಿಯನ್ನು ಬಿಟ್ಟು ಅವಳನ್ನು ನೋಡಿ, "ಹೆಂಗ ಕಾಣ್ತೇನಿ?" ಸಂಜೆಯ ಹೊತ್ತಿಗೆ ಅವಳ ತಲೆಯೊಳಗೆ ಸಂತೆ ಎದ್ದುಹೋದ ಬಯಲು: ಮಂದಿ ಹೋಗಿದ್ದರೂ ಕಾಲಿಗೆ ಸಿಗುವ ಸೊಪ್ಪು, ಸಿಪ್ಪೆ, ಹರಿದ ಚೀಲ.

ಮನೆಯಲ್ಲಿ ಅತ್ತೆ ಯಮುನಾಬಾಯಿ ಸಂಜೆ ಹೂಬತ್ತಿ ಮಾಡುತ್ತ ಕೂರುತ್ತಿದ್ದರು. ಹತ್ತಿ ಎಳೆಯುವುದು, ಹೊಸೆಯುವುದು, ಡಬ್ಬಿಗೆ ಹಾಕುವುದು. ಆಗ ಅವರ ಮುಖ ಎಷ್ಟು ನಿರಾಳವಾಗಿರುತ್ತಿತ್ತೆಂದರೆ, ಯಾರೂ ಹತ್ತಿರ ಸುಳಿದು ಏನೂ ಕೇಳುತ್ತಿರಲಿಲ್ಲ. ಗಂಡ ಅಭಿಜಿತ ಭಾನುವಾರ ಮೋಟರ್‌ಸೈಕಲ್ಲಿನ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಅದೇ ಜಾಗಕ್ಕೆ ಹಾಕುತ್ತಿದ್ದ. ತೊಳೆಯುವಂಥ ಕೊಳೆ ಅದಕ್ಕೆ ಹತ್ತುತ್ತಲೇ ಇರಲಿಲ್ಲ. ಅವನನ್ನೂ ಯಾರೂ ಕೇಳುತ್ತಿರಲಿಲ್ಲ. ವರದಾ ಮಾತ್ರ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತರೆ ಮುಗಿಯಿತು.

"ಏನಾತು?" ಎಂದು ಅಭಿಜಿತ.

"ತಲಿ ನೋಯ್ಲಿಕತ್ತದೇನು?" ಎಂದು ಯಮುನಾಬಾಯಿ. "ಅಂಗಡ್ಯಾಗ ಯಾರರ ಏನರ ಅಂದ್ರೇನು?"

"ಏನಿಲ್ರಿ, ಸುಮ್ನ ಕೂತೇನಿ."

"ಸುಮ್ನ ಯಾಕ ಕೂತೀ ಅಂತೀನಿ. ಒಳಗ ಬಾ, ಮಾತಾಡೂಣು."

ಅವಳೂ ಕೈಗೆ ಹತ್ತಿ ತೆಗೆದುಕೊಂಡು ನೋಡಿದಳು. ಬತ್ತಿಗಳು ಡೊಂಕಾದವು, ಅತ್ತೆ ಕಲಿಸಲು ಕೂತರು, ಅದರ ನಡುವೆ ಹತ್ತಿಗಿಂತ ಮಾತೇ ಹೆಚ್ಚು ಹೊಸೆಯಲ್ಪಟ್ಟಿತು. ಕಲ್ಯಾಣ ಮಂಟಪವೊಂದರ ಧ್ಯಾನ ಶಿಬಿರಕ್ಕೆ ಹೋದಳು. ಅಲ್ಲಿ ಒಬ್ಬರು ಮೈಕಿನಲ್ಲಿ "ಮನಸ್ಸು ಖಾಲಿ ಮಾಡಿ, ಇನ್ನೂ ಖಾಲಿ ಮಾಡಿ" ಎಂದು ಬಾಡಿಗೆ ಮನೆ ಬಿಡಿಸುವವರ ಹಾಗೆ ಹೇಳುತ್ತಿದ್ದರು. ಫೋನಿನ ಆ್ಯಪೊಂದು ಸಮುದ್ರದ ಅಲೆಗಳನ್ನು ಕೇಳಿಸಿತು. ನೀರು ಹೀಗೆ ಸುರಿಯುತ್ತಲೇ ಇದ್ದರೆ ಬೈಲಹೊಂಗಲದಲ್ಲಿ ಬೆಳೆದ ಯಾರಿಗಾದರೂ ಎದ್ದುಹೋಗಿ ನಳ ಬಂದ್ ಮಾಡಬೇಕೆನಿಸುತ್ತದೆ. ಬೆಳಗಿನ ವಾಕಿಂಗಿಗೆ ಎರಡು ದಿನ ಒಬ್ಬಳೇ ಹೋದಳು. ಮೂರನೆಯ ದಿನ ಓಣಿಯ ಹೆಂಗಸರು, "ನಿಮಗ ಜೊತಿ ಇಲ್ಲಂತ ಬಂದ್ವಿರಿ" ಎಂದು ಗೇಟಿನಲ್ಲಿ ನಿಂತಿದ್ದರು.

ಬಸ್ಸು ಸಿಕ್ಕಿದ್ದು ತಾನಾಗಿಯೇ. ಬುಧವಾರ ಅಂಗಡಿಗೆ ರಜೆ. ಯಾವುದೋ ಬುಧವಾರ ಸವದತ್ತಿಯ ಸ್ಟ್ಯಾಂಡಿನಲ್ಲಿ ಅತ್ತೆಯ ಗೆಳತಿಯೊಬ್ಬರಿಗೆ ಒಂದು ಡಬ್ಬಿ ಮುಟ್ಟಿಸಬೇಕಾಗಿತ್ತು. ಆಧಾರ್ ತೋರಿಸಿ, ಹೆಂಗಸರ ಪುಕ್ಕಟೆ ಟಿಕೆಟು ಪಡೆದು, ಉಳಿದಿದ್ದ ಒಂದೇ ಸೀಟಿನಲ್ಲಿ ಕೂತಳು. ಅದು ಹಿಂದಿನ ಗಾಲಿಯ ಮೇಲಿನ ಸೀಟು; ಮೊಣಕಾಲು ಎದೆಗೆ ಬರುತ್ತದೆ, ಅದಕ್ಕೇ ಯಾರೂ ಕೂರುವುದಿಲ್ಲ. ಪಕ್ಕದ ಕಿಟಕಿಯ ಗಾಜು ಸಡಿಲವಾಗಿತ್ತು. ಬಸ್ಸು ಹೊರಟದ್ದೇ ತಡ ಅದು ಗಡಗಡ ಶುರುಮಾಡಿತು. ಕೆಳಗಿನಿಂದ ಗಾಲಿ, ಪಕ್ಕದಿಂದ ಗಾಜು. ಹಲ್ಲು, ಬೆನ್ನು, ತಲೆ ಎಲ್ಲ ಒಂದೇ ತಾಳದಲ್ಲಿ ನಡುಗತೊಡಗಿದವು. ಆ ಸದ್ದಿನಲ್ಲಿ ಯಾರಿಗೂ ಯಾರೊಡನೆಯೂ ಮಾತಾಡಲಾಗುವುದಿಲ್ಲ. ತನ್ನೊಡನೆ ತಾನೂ ಮಾತಾಡಲಾಗುವುದಿಲ್ಲ. ಹೊರಗೆ ಎರೆಮಣ್ಣಿನ ಹೊಲ, ಹತ್ತಿ, ಕಬ್ಬಿನ ಟ್ರ್ಯಾಕ್ಟರು, ಆಮೇಲೆ ದಿನ್ನೆಯ ಮೇಲೆ ಸಾಲಾಗಿ ನಿಂತು ಕೈ ತಿರುಗಿಸುವ ಗಾಳಿಯಂತ್ರಗಳು. ಅವನ್ನು ಯಾರಿಂದಲೂ ಓದಿಸಬೇಕಾಗಿರಲಿಲ್ಲ. ಈಗ ಛಲೋ ಕಾಣುತ್ತವೋ ಆಗ ಛಲೋ ಕಾಣುತ್ತಿದ್ದವೋ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸವದತ್ತಿಯಲ್ಲಿ ಇಳಿದಾಗ ಅವಳ ತಲೆ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗಿತ್ತು.

ಮುಂದಿನ ಬುಧವಾರ ಮುಟ್ಟಿಸಲು ಡಬ್ಬಿಯೇನೂ ಇರಲಿಲ್ಲ. ಆದರೂ ಹೋದಳು. ಅದರ ಮುಂದಿನ ಬುಧವಾರವೂ ಹೋದಳು. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಗುಡ್ಡದ ಮಂದಿಯಿಂದ ಬಸ್ಸು ಕಿಕ್ಕಿರಿಯುತ್ತದೆ. ಬುಧವಾರ ಅದಕ್ಕೆ ಬಿಡುವು. ಸವದತ್ತಿಯಲ್ಲಿ ಡ್ರೈವರ್ ಸತ್ಯಪ್ಪ ಊಟ ಮಾಡುವಷ್ಟು ಹೊತ್ತು ಗಾಡಿ ನಿಲ್ಲುತ್ತಿತ್ತು. ಅವಳು ಓಣಿಯ ಕಟ್ಟೆಯ ಮೇಲೆ ಕೂತು, ಅದೇ ಗಾಡಿಗೆ, ಅದೇ ಸೀಟಿಗೆ ವಾಪಸು. ಅಭಿಜಿತನಿಗೆ ಹೇಳಿದ್ದಳು. "ಹೋಗ್ತೀ, ಬರ್ತೀ. ನಡುವ ಏನದ?" ಎಂದು ಕೇಳಿದ್ದ. "ಚೈನು ತೊಳೀತೀ, ಮತ್ತ ಹಾಕ್ತೀ. ನಡುವ ಏನದ?" ಎಂದಿದ್ದಳು. ಅವನು ತನ್ನ ಚೈನನ್ನು ಮೊದಲ ಸಲ ಕಂಡವನಂತೆ ನೋಡಿದ್ದ.

ಆದರೆ ಬಸ್ಸಿನಲ್ಲಿ ಕಂಡಕ್ಟರ್ ಇದ್ದ.

"ಅಕ್ಕಾರ, ಒಂದ ಮಾತ ಕೇಳ್ಲ್ಯಾ?" ಎಂದ ಸಂಗಪ್ಪ ಒಂದು ದಿನ, ಗಾಡಿ ಇನ್ನೂ ಹೊರಡುವ ಮೊದಲು. "ಹ್ವಾದ ಗಾಡ್ಯಾಗ ಹೊಳ್ಳಿ ಬರ್ತೀರಲ್ಲ, ಸವದತ್ತ್ಯಾಗ ಏನ್ ಕೆಲಸ ಇರತೈತ್ರಿ?"

ಕೆಂಪವ್ವ ಬುಟ್ಟಿ ಸರಿಸಿ ಕಿವಿ ಈ ಕಡೆ ಮಾಡಿದಳು. ಮುಂದಿನ ಸೀಟಿನ ಎರಡು ತಲೆಗಳು ಹಿಂದೆ ತಿರುಗಿದವು.

'ಸುಮ್ಮನೆ' ಎನ್ನಬಹುದಿತ್ತು. ಆದರೆ ಈ ಸೀಮೆಯಲ್ಲಿ ಅದು ಉತ್ತರವಲ್ಲ. ಇಲ್ಲಿ ಒಂದು ಕಪ್ ಚಹಾ ಬೇಡವೆನ್ನಲೂ ಕಾರಣ ಬೇಕು. ಈಗಷ್ಟ ಕುಡದ ಬಂದೇನಿ, ಪಿತ್ತ ಆಗೇದ, ಉಪವಾಸ ಅದ: ಇವುಗಳಲ್ಲಿ ಯಾವುದಾದರೊಂದನ್ನು ಕೊಡದೆ ಬೇಡವೆಂದರೆ ಮನೆಯವರು ತಾವೇನು ತಪ್ಪು ಮಾಡಿದೆವೆಂದು ವಾರಗಟ್ಟಲೆ ಚರ್ಚಿಸುತ್ತಾರೆ. ವರದಾ ಹುಟ್ಟಿದಾಗಿನಿಂದ ಕಾರಣ ಕೊಟ್ಟೇ ಬೆಳೆದವಳು.

"ನಮ್ಮ ಮೌಶಿಗೆ ಆರಾಮಿಲ್ರಿ," ಎಂದಳು. "ಸ್ಟ್ಯಾಂಡಿನ ಹಿಂದನ ಮನಿ. ಗುಳಿಗಿ ಕೊಟ್ಟು ಬರ್ತೀನಿ."

ಎಷ್ಟು ಅಚ್ಚುಕಟ್ಟಾದ ಉತ್ತರ! ಊರು, ಓಣಿ, ಹೊತ್ತು ಎಲ್ಲ ಸರಿಹೊಂದುತ್ತಿತ್ತು. ಒಂದು ಮಾತ್ರ ಮರೆತಳು. ಆರಾಮಿಲ್ಲದವರಿದ್ದಾರೆಂದರೆ ಮಾತಾಡಿಸಲು ಹೋಗಬೇಕು. ಹೋಗುವವರು ಬರಿಗೈಯಲ್ಲಿ ಹೋಗುವಂತಿಲ್ಲ. ಹೋಗಲಾಗದವರು ಹೋಗುವವರ ಕೈಯಲ್ಲಾದರೂ ಏನಾದರೂ ಕಳಿಸಬೇಕು. ಅವಳು ಬೇರೆ ಏನು ಹೇಳಿದ್ದರೂ ನಡೆಯುತ್ತಿತ್ತು. ಕೋರ್ಟಿನ ಕೆಲಸ, ಹಲ್ಲಿನ ನೋವು, ಗುಡ್ಡದ ಹರಕೆ. ಮಾತಿನಿಂದ ಓಡಿಹೋಗಲು ಬಂದವಳು, ಇಡೀ ಬಸ್ಸೇ ಬಂದು ಮಾತಾಡಿಸಬೇಕಾದ ಒಬ್ಬ ರೋಗಿಯನ್ನು ಹುಟ್ಟಿಸಿ ಕೂತಳು.

ಮೊದಲು ಬಂದದ್ದು ಲಿಂಬೆಹಣ್ಣು. ಆಮೇಲೆ ಬ್ರೆಡ್ಡು, ಬಾಳೆಹಣ್ಣು, ಎಲ್ಲಮ್ಮನ ಅರಿಶಿನದ ಭಂಡಾರದ ಪುಡಿಕೆ. ಕೆಂಪವ್ವ ಬಾಟಲಿಯಲ್ಲಿ ಕಷಾಯ ತಂದಳು. ಅದರ ವಾಸನೆಗೆ ಗಾಡಿಯ ಹಿಂದಿನ ಅರ್ಧ ಖಾಲಿಯಾಯಿತು. ಬಸ್ಸು ಹೊರಡುವ ಮೊದಲು, ಗಾಜಿನ ಗಡಗಡ ಶುರುವಾಗುವ ಮೊದಲು, ಎಲ್ಲರೂ ಅವಸರವಸರವಾಗಿ ಕೇಳುವುದನ್ನು ಕೇಳಿ ಮುಗಿಸುತ್ತಿದ್ದರು. ಏನಾಗೇತಿ? ಕಾಲು. ಮಕ್ಕಳು? ಇಲ್ಲ. ಗಂಡ? ತೀರಿಕೊಂಡರು. ಹೆಸರೇನು? ವರದಾ ಕಿಟಕಿಯಾಚೆ ನೋಡಿ, "ಗೋದಾಬಾಯಿ," ಎಂದಳು.

"ಹಂಗಾರ ಒಬ್ಬಾಕಿನ ಅಲ್ಲಿ ಯಾಕ ಬಿಟ್ಟೀ ತಂಗಿ?" ಎಂದಳು ಕೆಂಪವ್ವ. "ನಿಮ್ಮ ಮನಿಗಿ ಕರಕೊಂಡ ಬರಬಾರದ?"

"ಒಲ್ಲೆ ಅಂತಾಳ್ರಿ."

"ಯಾಕಂತ?"

"ಯಾಕ ಅಂತ ಹೇಳೂದಿಲ್ಲ. ನಮ್ಮ ಮೌಶಿ ಹಂಗನ. ಒಲ್ಲೆ ಅಂದ್ರ ಒಲ್ಲೆ. ಕಾರಣ ಕೇಳಿದ್ರ ಮಾರಿ ನೋಡ್ತಾಳ, ಅಷ್ಟ."

ಬಸ್ಸಿನಲ್ಲಿ ಮೆಚ್ಚುಗೆಯ ಒಂದು ಅಲೆ ಹಾದುಹೋಯಿತು. "ಭಾರಿ ಘಟ್ಟಿ ಅದಾಳ ಬಿಡ," ಎಂದಳು ಕೆಂಪವ್ವ. "ನಾವು ಒಲ್ಲೆವು ಅನ್ನಾಕ ಒಂದ ಪುರಾಣ ಹೇಳಬೇಕ ನಮ್ಮ ಮನ್ಯಾಗ." ವರದಾಗೂ ಆ ಮುದುಕಿ ಒಳಗೊಳಗೆ ಹಿಡಿಸತೊಡಗಿದಳು. ಕಟ್ಟೆಯ ಮೇಲೆ ಕೂತಾಗ ಕೆಲವೊಮ್ಮೆ, ಪಕ್ಕದಲ್ಲಿ ಗೋದಾಬಾಯಿಯೂ ಕಾಲು ಚಾಚಿ ಕೂತಿದ್ದಾಳೆ ಅನಿಸುತ್ತಿತ್ತು. ಅವಳೂ ಏನೂ ಕೇಳುತ್ತಿರಲಿಲ್ಲ.

"ಸಾಯಿಸಿಬಿಡು ಆ ಮುದಿಕೀನ್ನ," ಎಂದ ಅಭಿಜಿತ ಒಂದು ಭಾನುವಾರ, ಚೈನನ್ನು ಬಕೆಟ್ಟಿನಲ್ಲಿ ಅದ್ದುತ್ತ.

"ಸತ್ರ ಮಾತಾಡಿಸ್ಲಿಕ್ಕೆ ಮನಿ ತನಕಾ ಬರ್ತಾರ. ಬಸ್ಸೇ ಓಣ್ಯಾಗ ಬಂದು ನಿಂದರ್ತದ."

"ಹಂಗಾರ ಆರಾಮ ಮಾಡು."

"ಆರಾಮಾದ್ರ ನಾ ಯಾಕ ಹೋಗ್ಲಿ?"

ಅಭಿಜಿತ ಚೈನನ್ನು ಎತ್ತಿ ಹಿಡಿದು ಸೀಮೆಎಣ್ಣೆ ಸೋರಿಸಿದ. "ಅಂದ್ರ ಆಕಿ ಸಾಯಲೂ ಬಾರದು, ಏಳಲೂ ಬಾರದು. ಭಾಳ ತ್ರಾಸಿನ ಜಡ್ಡು ಇದು."

"ಯಾರಿಗೆ ಜಡ್ಡು?" ಯಮುನಾಬಾಯಿ ಒಳಗಿನಿಂದ ಕೇಳಿದರು.

"ಟೀವ್ಯಾಗಿನ ಮುದಿಕಿಗೆ, ಅವ್ವಾ."

"ಆಕಿ ಹೋದ ತಿಂಗಳನ ಸತ್ಲು," ಎಂದರು ಯಮುನಾಬಾಯಿ, ಹತ್ತಿ ಎಳೆಯುತ್ತ.

ಹೀಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ಸಂಗಪ್ಪನಿಗೆ ಟಿಕೆಟ್ ಮಷಿನ್ನಿನ ಅಕ್ಷರಗಳು ಮಸುಕಾಗತೊಡಗಿದ್ದವು. ಒಂದು ಸೋಮವಾರ ಅವನು ಖಾಕಿ ಅಂಗಿಯಲ್ಲೇ ಅಂಗಡಿಗೆ ಬಂದ. ವರದಾಳನ್ನು ಕಂಡು, "ಅಯ್ಯ, ಅಕ್ಕಾರು ಇಲ್ಲಿ ಅದಾರ!" ಎಂದು ಹಿಗ್ಗಿದ. ಅವಳು ಅವನ ಮೂಗಿನ ಮೇಲೆ ಚೌಕಟ್ಟು ಕೂರಿಸಿದಳು.

"ಈಗ ಛಲೋ ಕಾಣ್ತದೋ, ಆಗ ಛಲೋ ಕಾಣ್ತಿತ್ತೋ?"

"ಈಗ್ರಿ. ಅಕ್ಕಾರ, ಮೌಶೀದು ಕಾಲಿನ ಬಾವು ಇಳೀತ?"

"ಹೂಂ. ಈ ಸಾಲ ಓದ್ರಿ."

"ಓದತೇನಿ ತಡೀರಿ. ಕೆಂಪವ್ವನ ಕಷಾಯ ಕುಡದ್ರ?"

ನಿಜಗುಣಪ್ಪನವರು ಅವತ್ತು ಗಲ್ಲಾದ ಮೇಲೆ ಕೂತಿದ್ದರು. ಮಂದಿಯ ತೊಂದರೆ ಕಂಡರೆ ಅವರಿಗೆ ಕೈ ತುರಿಸುತ್ತದೆ. ಊರಲ್ಲಿ ಯಾರದಾದರೂ ಮದುವೆ ಮುರಿದಿದ್ದರೆ, ಬೋರ್‌ವೆಲ್ಲಿನ ಮೋಟಾರು ಸುಟ್ಟಿದ್ದರೆ, ಹುಡುಗನಿಗೆ ಸೀಟು ಸಿಗದಿದ್ದರೆ, ಕೇಳಿದರೂ ಕೇಳದಿದ್ದರೂ ಅದನ್ನು ಬಗೆಹರಿಸಿಬಿಡುತ್ತಿದ್ದರು.

"ಯಾವ ಮೌಶಿ?" ಎಂದರು.

ಸಂಗಪ್ಪ ಚೌಕಟ್ಟನ್ನು ಮೂಗಿನ ಮೇಲೆ ಹಾಗೇ ಇಟ್ಟುಕೊಂಡು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಗೋದಾಬಾಯಿಯ ಮನೆಯ ಹೆಂಚು ಸೋರತೊಡಗಿತು. ಅವಳು ಬುಧವಾರ ಬೆಳಿಗ್ಗೆಯಿಂದ ಬಾಗಿಲಿಗೆ ಕಣ್ಣಿಟ್ಟು ಮಲಗತೊಡಗಿದಳು. ಇದು ವರದಾಗೂ ಹೊಸ ಸುದ್ದಿ. ನಿಜಗುಣಪ್ಪನವರು ತಮ್ಮ ಚಷ್ಮಾ ತೆಗೆದು ಒರೆಸಿಕೊಂಡರು.

"ವಾರದಾಗ ಇರೂದ ಒಂದ ರಜಾ," ಎಂದರು. "ಅದನ್ನೂ ಮುದಿಕಿಗಿ ಕೊಟ್ಟೀರಿ. ನನಗೊಂದ ಮಾತ ಹೇಳಬಾರದ ವರದಾಬಾಯಿ?"

"ಅದರಾಗೇನ್ರಿ ಸರ, ನಡೀತದ."

"ನಡ್ಯೂದಿಲ್ಲ," ಎಂದರು ನಿಜಗುಣಪ್ಪನವರು. ಅವರ ಕೈ ತುರಿಸತೊಡಗಿತ್ತು. "ಬುಧವಾರ ನಾನೂ ಸವದತ್ತಿಗಿ ಬರ್ತೇನಿ."

ಆ ಬುಧವಾರ ಸಂಗಪ್ಪ ಹೊಸ ಚಷ್ಮಾ ಹಾಕಿಕೊಂಡು ಇಡೀ ಬಸ್ಸನ್ನು ಹೊಸದಾಗಿ ನೋಡುತ್ತಿದ್ದ. ವರದಾ ಗಾಲಿಯ ಮೇಲೆ ಕೂತಳು. ಗಾಜು ಗಡಗಡಿಸಿತು, ಹಲ್ಲು ನಡುಗಿತು, ಆದರೆ ತಲೆಯೊಳಗಿನ ನಿಜಗುಣಪ್ಪನವರು ಅಲ್ಲಾಡಲಿಲ್ಲ. ಗಾಳಿಯಂತ್ರಗಳು ಬಂದದ್ದೂ ಹೋದದ್ದೂ ಅವಳಿಗೆ ತಿಳಿಯಲಿಲ್ಲ. ಈ ಸೀಟು ಕೆಲಸ ಮಾಡದೆ ಹೋದದ್ದು ಅದೇ ಮೊದಲು. ಇದೂ ಕೈಬಿಟ್ಟರೆ ತನಗಿನ್ನು ಎಲ್ಲಿ ಜಾಗ ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಸ್ಟ್ಯಾಂಡಿನಲ್ಲಿ ಇಳಿದು ಆಚೀಚೆ ನೋಡಿದಳು. ಮಾಲೀಕರು ಕಾಣಲಿಲ್ಲ. ಬರಲಿಕ್ಕಿಲ್ಲ, ಅವರಿಗೇನು ಕೆಲಸ ಕಡಿಮೆಯೇ? ಓಣಿಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಆಡು ಇತ್ತು. ಪೋಸ್ಟರಿನಲ್ಲಿ ಅಭ್ಯರ್ಥಿಯ ಮೀಸೆಯಷ್ಟೇ ಉಳಿದಿತ್ತು. ಮೌಶಿಯ ಬಾಳೆಹಣ್ಣೊಂದನ್ನು ಸುಲಿದು ಅರ್ಧ ತಿಂದಿದ್ದಳು.

"ಅಕ್ಕಾರ, ಮನಿ ಈ ಕಡೇನ್ರಿ?"

ಓಣಿಯ ತುದಿಯಲ್ಲಿ ಸಂಗಪ್ಪ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಬಿಸ್ಕೀಟಿನ ಪುಡೆ. "ಬಸ್ ಮಂದಿ ಪರವಾಗಿ ಮಾತಾಡಿಸಿ ಹೋಗೂಣಂತ ಬಂದೆ," ಎನ್ನುತ್ತ ಹತ್ತಿರ ಬಂದ. ಹೊಸ ಚಷ್ಮಾದಿಂದ ಗಿರಣಿಯ ಬೀಗವನ್ನು ನೋಡಿದ. ಗೋಡೆಯನ್ನು ನೋಡಿದ. ಆಡನ್ನು, ಕೊನೆಗೆ ಅವಳ ಕೈಯಲ್ಲಿದ್ದ ಅರ್ಧ ಬಾಳೆಹಣ್ಣನ್ನು ನೋಡಿದ. ಆ ಗಾಜಿನ ನಂಬರು ಅವಳೇ ಕೊಟ್ಟದ್ದು. ಅದು ಸರಿಯಾಗಿಯೇ ಇತ್ತು.

"ಮೌಶಿ?"

"ಮೌಶಿ ಅಂತ ಯಾರೂ ಇಲ್ರಿ ಸಂಗಪ್ಪಣ್ಣ. ಮೊದಲಿಂದನೂ ಇದ್ದಿದ್ದಿಲ್ಲ. ನೀವು ಕೇಳಿದ ದಿವಸ ನಾನ ಹುಟ್ಟಿಸಿದೆ."

ಸಂಗಪ್ಪ ಕಟ್ಟೆಯ ಆ ತುದಿಯಲ್ಲಿ ಕೂತ. ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡ.

"ಬ್ರೆಡ್ಡು?"

"ನಾ ತಿಂದೆ."

"ಎಳನೀರ?"

"ಒಂದು ಕುಡದೆ. ಒಂದು ಆ ಕಿಟಕ್ಯಾಗ ಇಟ್ಟಿದ್ದೆ, ಯಾರೋ ಒಯ್ದಾರ."

"ಕೆಂಪವ್ವನ ಕಷಾಯ?"

ವರದಾ ಆಡಿನ ಕಡೆ ತೋರಿಸಿದಳು. "ಬೋಗುಣ್ಯಾಗ ಹಾಕಿ ಇಟ್ಟಿದ್ದೆ. ಅದೂ ಒಲ್ಲೆ ಅಂತು."

ಸಂಗಪ್ಪನಿಗೆ ನಗು ಬರುವುದರಲ್ಲಿತ್ತು. ಅವನು ಅದನ್ನು ತಡೆದುಕೊಂಡ. ಅವನಿಗೆ ಸಿಟ್ಟೂ ಬಂದಿತ್ತು. "ನನ್ನ ಹೇಣ್ತಿ ಎಲ್ಲವ್ವಗ ಹರಕಿ ಹೊತ್ತಾಳ್ರಿ ಅಕ್ಕಾರ! ಗೋದಾಬಾಯಾರು ಎದ್ದು ಅಡ್ಡಾಡಿದ್ರ ಗುಡ್ಡಕ್ಕ ಬಂದು ನೈವೇದ್ಯದ ಪಡಲಿಗಿ ತುಂಬಸ್ತೇನಂತ. ಈಗ ಆಕಿಗಿ ಏನ್ ಹೇಳ್ಲಿ?"

"ತಪ್ಪಾತ್ರಿ," ಎಂದಳು ವರದಾ. ಮೆತ್ತಗೆ ಸೇರಿಸಿದಳು, "ಎದ್ದು ಅಡ್ಡಾಡಿದ್ರ ಅಂತಲ್ರಿ ಹರಕಿ? ಅಡ್ಡಾಡೂದಿಲ್ಲಲ್ಲ."

ಸಂಗಪ್ಪ ಯೋಚಿಸಿದ. "ಅದೂ ಖರೇನ," ಎಂದ. "ಹಂಗಾರ ನೀವು ಇಲ್ಲಿತನಾ ಬಂದು ಏನ್ ಮಾಡ್ತೀರಿ?"

"ಏನಿಲ್ಲ."

"ಏನಿಲ್ಲಂದ್ರ?"

"ಏನಿಲ್ಲಂದ್ರ ಏನಿಲ್ರಿ. ನಿಮ್ಮ ಗಾಲಿ ಸೀಟಿನ್ಯಾಗ ಕೂತ್ರ ತಲಿ ಖಾಲಿ ಆಗ್ತದ. ಇಲ್ಲೊಂದಿಷ್ಟು ಕೂಡ್ತೀನಿ. ಹೊಳ್ಳಿ ಬರ್ತೀನಿ."

"ನನ್ನ ಗಾಡ್ಯಾಗ?" ಸಂಗಪ್ಪನಿಗೆ ನಂಬಿಕೆಯಾಗಲಿಲ್ಲ. "ನನ್ನ ತಲಿ ಅದ ಗಾಡ್ಯಾಗ ತುಂಬತೈತ್ರಿ! ನಾ ಅದನ್ನ ಖಾಲಿ ಮಾಡಾಕ ಮನ್ಯಾಗ ಕೋಳಿ ಗೂಡ ಬಳೀತೇನಿ, ದಿನಾ." ತೆಂಗಿನಕಾಯಿಯನ್ನು ಕೈಯಲ್ಲಿ ತಿರುಗಿಸಿದ. "ಬಳ್ಯಾಕ ಏನೂ ಇರೂದಿಲ್ಲ. ಆದ್ರೂ ಬಳೀತೇನಿ."

ಆಡು ಮೀಸೆಯನ್ನೂ ತಿಂದು ಮುಗಿಸಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬಿಳಿ ಅಂಗಿಯೊಂದು ಕಂಡಿತು.

"ವರದಾಬಾಯಿ!" ನಿಜಗುಣಪ್ಪನವರು ಬೆವರೊರೆಸಿಕೊಳ್ಳುತ್ತ ಬಂದರು. ಬೆರಳಿನಲ್ಲಿ ಕೀಲಿಕೈಯ ಗೊಂಚಲು ಕುಣಿಯುತ್ತಿತ್ತು. "ಸ್ಟ್ಯಾಂಡೆಲ್ಲಾ ಹುಡುಕಿದೆ. ಮೌಶಿ ಎಲ್ಲದಾರ? ಮೊದಲು ಮಾತಾಡಸೂಣ."

ವರದಾ ಬಾಯಿ ತೆರೆದಳು. ಅವಳಿಗಿಂತ ಮೊದಲು ಸಂಗಪ್ಪ ಎದ್ದು ನಿಂತಿದ್ದ.

"ಈಗಷ್ಟ ಕಣ್ಣ ಹತ್ಯಾವ್ರಿ ಸಾಹುಕಾರ," ಎಂದು ಗಲ್ಲದಿಂದ ಓಣಿಯ ಆಚೆಗೆಲ್ಲೋ ತೋರಿಸಿದ. "ಎಬ್ಬಸೂದು ಬ್ಯಾಡ."

ನಿಜಗುಣಪ್ಪನವರು ಕೂಡಲೇ ದನಿ ಇಳಿಸಿದರು. ಕೀಲಿಕೈಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದರು. ಇದರ ಮುಂದಿನ ಮಾತುಕತೆಯೆಲ್ಲ, ಮುಚ್ಚಿದ ಗಿರಣಿಯ ಮುಂದೆ, ಇಲ್ಲದ ಮುದುಕಿಗೆ ಎಚ್ಚರವಾಗದಂತೆ, ಪಿಸುದನಿಯಲ್ಲೇ ನಡೆಯಿತು.

"ಎಲ್ಲಾ ಮಾಡಿ ಬಂದೇನಿ," ಎಂದರು. "ಸವದತ್ತಿ ಅಂಗಡಿ ಇನ್ನ ನಿಮ್ಮ ಕೈಯಾಗ. ಮ್ಯಾನೇಜರ್. ಇಲ್ಲಿದ್ದಾವನ್ನ ಕಿತ್ತೂರಿಗಿ ಕಳಸೇನಿ, ಅಂವಗೂ ಅದ ಬೇಕಾಗಿತ್ತು. ಅಂಗಡಿ ಮ್ಯಾಲ ಎರಡ ಖೋಲಿ ಅದಾವು, ಸುಣ್ಣ ಹೊಡಸೇನಿ. ಮೌಶೀನೂ ಅಲ್ಲೇ ಕರಕೊಂಡ ಬರ್ರಿ. ಆ ಹಾಳ ಬಸ್ಸಿನ ತಿರುಗಾಟ ಒಮ್ಮೆ ತಪ್ಪತೈತಿ." ಕೀಲಿಕೈ ಚಾಚಿದರು. "ಹಿಡೀರಿ."

ವರದಾ ಕೀಲಿಕೈಯನ್ನು ನೋಡಿದಳು. ಅದರ ಹಿಂದೆ ಸವದತ್ತಿಯ ಎಲ್ಲ ಕಣ್ಣುಗಳೂ ಸಾಲಾಗಿ ಕೂತಿದ್ದವು. ಈಗ ಛಲೋನೋ, ಆಗ ಛಲೋನೋ. ಬುಧವಾರ ಮೆಟ್ಟಿಲಿಳಿದರೆ ಅಂಗಡಿ, ಹತ್ತಿದರೆ ಮನೆ. ಗಾಲಿಯ ಮೇಲಿನ ಸೀಟು ಖಾಲಿಯೇ ಹೋಗುತ್ತದೆ, ಖಾಲಿಯೇ ಬರುತ್ತದೆ.

ಕಾರಣಗಳು ನಾಲಿಗೆಯ ತುದಿಗೆ ತಾವಾಗಿಯೇ ಬಂದು ನಿಂತವು. ಅತ್ತೆಗೆ ಊರು ಬಿಟ್ಟು ಒಗ್ಗುವುದಿಲ್ಲ. ಬರಲಿ, ಖೋಲಿ ಎರಡಿವೆ ಎನ್ನುತ್ತಾರೆ. ಅಭಿಜಿತನ ಕೆಲಸ ಬೈಲಹೊಂಗಲದಲ್ಲಿದೆ. ಸವದತ್ತಿಯಲ್ಲೊಂದು ನೋಡೋಣ, ನನಗೆ ಗುರುತಿನವರಿದ್ದಾರೆ ಎನ್ನುತ್ತಾರೆ. ಇಲ್ಲಿಯ ನೀರು ಒಗ್ಗುವುದಿಲ್ಲ. ಫಿಲ್ಟರು ಹಾಕಿಸುತ್ತಾರೆ. ಯಾವ ಕಾರಣ ಕೊಟ್ಟರೂ ಈ ಮನುಷ್ಯ ಸಂಜೆಯೊಳಗೆ ಅದನ್ನು ಬಗೆಹರಿಸಿ ತರುತ್ತಾರೆ. ಅವರಿಗೆ ಕೊಡಬಾರದ್ದೆಂದರೆ ಕಾರಣವೊಂದೇ.

ಸ್ಟ್ಯಾಂಡಿನಿಂದ ಹಾರ್ನ್ ಕೇಳಿಸಿತು. ಸಂಗಪ್ಪ ಹೋಗಲಿಲ್ಲ. ಚಷ್ಮಾವನ್ನು ಮೂಗಿನ ಮೇಲೆ ಸರಿಯಾಗಿ ಏರಿಸಿಕೊಂಡು ಅವಳ ಬಾಯನ್ನೇ ನೋಡುತ್ತಿದ್ದ.

"ಒಲ್ಲೆ ರೀ," ಎಂದಳು ವರದಾ.

ನಿಜಗುಣಪ್ಪನವರು ಕಾದರು. ಮುಂದಿನ ಮಾತು ಈಗ ಬರುತ್ತದೆ ಎಂಬಂತೆ ಕತ್ತನ್ನು ಸ್ವಲ್ಪ ಮುಂದೆ ಚಾಚಿದರು. ಬರಲಿಲ್ಲ.

"ಯಾಕ್ರಿ?" ಎಂದು ಪಿಸುಗುಟ್ಟಿದರು.

ಹಾರ್ನ್ ಮತ್ತೊಮ್ಮೆ ಕೂಗಿತು, ಉದ್ದಕ್ಕೆ. ವರದಾ ಉಳಿದರ್ಧ ಬಾಳೆಹಣ್ಣನ್ನು ಆಡಿನ ಮುಂದಿಟ್ಟು, ಚೀಲ ಹೆಗಲಿಗೇರಿಸಿ, ಅವರ ಮುಖವನ್ನೊಮ್ಮೆ ನೋಡಿದಳು.

"ಒಲ್ಲೆ."